ಹಿಡಿಕಿ ಇದ್ದ ಬತ್ತಿ ತಲಿ ಮ್ಯಾಲ

ಹ್ವಾದ ತಿಂಗಳ ಜಹೀರಾಬಾದಕ್ಕ ಹೋಗಿದ್ದೆ. ಪರಿಚಯದವರೊಬ್ಬರು ಹೊಸಾ ಮನಿ ಕಟ್ಸ್ಯಾರ, ಊಟಕ್ಕ ಕರದಿದ್ರು. ದೊಡ್ಡ ನೌಕರಿ ಮಾಡಿ ರಿಟೈರ್ ಆದವರು, ಮನಷ್ಯಾ ಕೆಟ್ಟಂವಲ್ಲ. ಪಡಸಾಲ್ಯಾಗ ಕಾಲಿಟ್ಟೆ, ಎದುರಿಗೇ ಒಂದು ಗ್ಯಾಸ್‌ಬತ್ತಿ ತೂಗಹಾಕ್ಯಾರ. ಹಿತ್ತಾಳಿದು, ಬಂಗಾರಧಂಗ ಹೊಳೀತಿತ್ತು. ಒಳಗ ಎಣ್ಣಿಲ್ಲ, ಗಾಳಿಲ್ಲ, ಒಂದು ಕರೆಂಟಿನ ಬಲ್ಬು.

"ಹೆಂಗದ್ರಿ? ನಮ್ಮಜ್ಜನ ಕಾಲದ್ದು," ಅಂದ್ರು. "ಆವಾಗಿನ ಮದಿವಿ, ಆವಾಗಿನ ಮೆರವಣಿಗಿ! ಸಾಲುಗಟ್ಟಿ ಗ್ಯಾಸ್‌ಬತ್ತಿ ಹೊಂಟ್ರ ಊರಿಗೂರೇ ಬೆಳಕು. ಈಗಿನ ಲೈಟಿನ್ಯಾಗ ಆ ಕಳಾ ಎಲ್ಲದ ಹೇಳ್ರಿ."

ನಾ ಸುಮ್ನ ಕೈ ಚಾಚ್ದೆ. ಎಣ್ಣಿ ಟಾಕಿ ಬಾಜೂಕ ಗಾಳಿ ಬಿಡೋ ಇಸ್ಕ್ರೂ ಇರ್ತದಲ್ಲ, ಅದು ಇನ್ನಾ ಅದ ಏನಂತ ನೋಡಾಕ.

"ಹಾಂ ಹಾಂ, ಮುಟ್ಟಬ್ಯಾಡ್ರಿ! ಬಟ್ಟಿನ ಗುರ್ತು ಮೂಡ್ತದ. ನಿನ್ನೇನೇ ಪಾಲಿಶ್ ಮಾಡ್ಸೀನಿ."

ಅವರು ಪಾಲಿಶ್ ಸಲುವಾಗೇ ಅಂದ್ರು, ನನಗ ಗೊತ್ತದ. ಆದ್ರ ನನ್ನ ಕೈ ನಡುವೇ ನಿಂತುಬಿಡ್ತು. ನಾ ಹೇಳಿ ನಿಂದ್ರಿಸಿದ್ದಲ್ಲ, ತಾನೇ ನಿಂತಿತು. ನಮ್ಮಣ್ಣನ ಕೈ ನಿಂತಂಗೇ ನಿಂತಿತು. ಬಲ್ಬಿಗೆ ವಾಸನಿ ಎಲ್ಲೀದು? ಆದ್ರೂ ನನ್ನ ಮೂಗಿಗೆ ಚಿಮಣಿ ಎಣ್ಣಿ ಬಡೀತು, ಸ್ಪಿರಿಟ್ ಬಡೀತು, ಸುಟ್ಟ ಕೂದಲಾ ಬಡೀತು.

ಕಳಾ ಅಂತ ಕಳಾ. ಆ ಕಳಾ ಯಾರ ತಲಿ ಮ್ಯಾಲ ನಿಂತಿತ್ತು, ಅದನ್ನ ನಾ ಹೇಳ್ತೀನಿ.

ಅದು ನಿಜಾಮನ ರಾಜ್ಯ, ಎರಡನೇ ದೊಡ್ಡ ಲಡಾಯಿ ನಡದಿದ್ದ ವರ್ಷ. ನಮ್ಮೂರು ನಾರಾಯಣಖೇಡದ ಬಾಜೂಕೇ. ನಮ್ಮ ಕೇರಿ ಊರ ಹೊರಗ. ನಾ ಆವಾಗ ಮೀಸಿ ಬಂದ ಪ್ರಾಯದಂವ. ನಮ್ಮಣ್ಣ ತುಳಜಪ್ಪ ನನಗಿಂತ ದೊಡ್ಡಂವ, ಮದಿವ್ಯಾಗಿ ಒಂದು ಮಗಳಿದ್ಳು. ಬ್ಯಾಸಿಗ್ಯಾಗ ಹೊಲದ ಕೆಲಸ ಇರ್ತಿದ್ದಿಲ್ಲ. ಹೋಳಿ ಆದಮ್ಯಾಲ ಮಿರಗದ ಮಳಿ ತನಕ ನಮ್ಮ ಕೇರಿ ಗಂಡಸರಿಗೆ ಒಂದೇ ಕೆಲಸ, ಮದಿವಿ ಮೆರವಣಿಗ್ಯಾಗ ಗ್ಯಾಸ್‌ಬತ್ತಿ ಹೊರೂದು.

ಬತ್ತಿ ನಮ್ಮವಲ್ಲ. ಖೇಡದ ಬಜಾರದಾಗ ಖರೀಂ ಚಾಚಾಂದು ಬಾಡಿಗಿ ಬತ್ತಿ ಅಂಗಡಿ ಇತ್ತು. ಬಿಳೀ ಗಡ್ಡಾ, ಕಿವ್ಯಾಗ ಅತ್ತರಿನ ಹತ್ತಿ, ಬಾಯಿ ತುಂಬ ಎಲಿ. ಸಿಟ್ಟಿನ ಮನಷ್ಯಾ, ಆದ್ರ ಕೆಲಸ ಕಲಿಸೂದ್ರಾಗ ಕೈ ಬಿಗಿ ಹಿಡದಂವಲ್ಲ. ಸೀಜನ್ ಶುರು ಆಗೂಕಿಂತ ಮೊದಲು ಅಂಗಡಿ ಹಿಂದಿನ ಅಂಗಳದಾಗ ನಾನೂ ನಮ್ಮಣ್ಣನೂ ಕೂತು ಎಲ್ಲಾ ಬತ್ತಿ ಬಿಚ್ಚತಿದ್ದಿವಿ. ಟಾಕ್ಯಾಗ ತಳಕ್ಕ ಕುಂತ ರಾಡಿ ಎಣ್ಣಿ ಚೆಲ್ಲಿ, ಹೊಸಾ ಎಣ್ಣಿ ಹಾಕಿ ಕುಲುಕಿ ತೊಳೀಬೇಕು. ಪಂಪಿನ ತೊಗಲಿನ ವಾಶರ್ ವರ್ಷೆಲ್ಲಾ ಸುಮ್ನ ಬಿದ್ದು ಒಣಗಿ ರೊಟ್ಟಿಹಂಗ ಆಗಿರ್ತಿತ್ತು, ಅದಕ್ಕ ಕುಸುಬಿ ಎಣ್ಣಿ ತಿಕ್ಕಿ ಮೆತ್ತಗ ಮಾಡ್ಬೇಕು, ಇಲ್ಲಾಂದ್ರ ಎಷ್ಟು ಹೊಡದ್ರೂ ಗಾಳಿ ಹಿಡ್ಯಾಂಗಿಲ್ಲ. ಎಣ್ಣಿ ಆವಿ ಆಗಿ ಹೊರಗ ಬರೋ ತೂತು ಕೂದಲಿನಷ್ಟು ಸಣ್ಣದು. ಅದ್ರಾಗ ಮಸಿ ಕುಂತ್ರ ಸೂಜಿಲೆ ಚುಚ್ಚಬೇಕು. ಜೋರ್ ಮಾಡಿ ಚುಚ್ಚಿದ್ರ ತೂತು ದೊಡ್ಡದಾಗಿ ಬತ್ತಿ ಕೆಮ್ಮತಿತ್ತು.

ಆಮ್ಯಾಲ ಮ್ಯಾಂಟಲ್. ರೇಶ್ಮಿ ಚೀಲಧಂಗ ಇರ್ತದ, ಅದನ್ನ ದಾರಲೆ ಕಟ್ಟಿ ಸುಡಬೇಕು. ಸುಟ್ಟಮ್ಯಾಲ ಉಳಿಯೂದು ಬರೇ ಬೂದಿ, ಆದ್ರ ಚೀಲದ ಆಕಾರದ್ದೇ ಬೂದಿ. ಆ ಬೂದಿನೇ ಬೆಳಕು ಕೊಡ್ತದ. ಒಂದು ಸೀನು ಸೀನಿದ್ರ ಮುಗೀತು, ಉದರತದ. ಲಡಾಯಿ ಸಲುವಾಗಿ ಮ್ಯಾಂಟಲ್ ಸಿಗ್ತಿದ್ದಿಲ್ಲ. ಚಾಚಾ ತಾಂಡೂರ ತನಕ ಹೋಗಿ ಕೈಕಾಲು ಬಿದ್ದು ತರ್ತಿದ್ದ. ತಂದು ಕೊಡೂವಾಗ, "ಇದು ನನ್ನ ಸೊಸಿ ಅಂತ ತಿಳೀರಿ, ಬೈದ್ರ ತವರಿಗೆ ಹೋಗ್ತಾಳ," ಅಂತಿದ್ದ.

ಹಿಂಗ ಅಂಗಳದಾಗ ಕೂತು ನಮ್ಮ ಕೈಲೇ ಬಿಚ್ಚತಿದ್ದಿವಿ, ನಮ್ಮ ಕೈಲೇ ತೊಳೀತಿದ್ದಿವಿ, ನಾವೇ ಕಟ್ಟಿ, ನಾವೇ ಗಾಳಿ ಹೊಡದು, ಹಚ್ಚಿ ನೋಡ್ತಿದ್ದಿವಿ. ಆ ಬತ್ತಿ ಅಂಗಡಿ ಮುಂಬಾಗಲಾ ದಾಟಿ ಮದಿವಿ ಮನಿಗೆ ಹೋತಂದ್ರ ತೀರಿತು, ಅದನ್ನ ನಾವು ಮುಟ್ಟಾಂಗಿಲ್ಲ.

ಹೊತ್ಕೊಂಡು ತಿರಗೂ ನಾವೇ ಮುಟ್ಟಾಂಗಿಲ್ಲ ಅಂದ್ರ ಹೆಂಗ? ಹಿಂಗ. ನಮ್ಮ ತಲಿ ಮ್ಯಾಲ ಅರಬಿ ಸಿಂಬಿ. ಸಿಂಬಿ ಮ್ಯಾಲ ಕಟಗಿ ಹಲಗಿ. ಹಲಗಿ ಮ್ಯಾಲ ಬತ್ತಿ. ನಮ್ಮ ಕೈ ಹಲಗಿಗೆ. ಹಿತ್ತಾಳಿಗೆ ಅಲ್ಲ. ಯಾಕಂದ್ರ ಮೆರವಣಿಗಿ ಮುಗದ ಮ್ಯಾಲ ಅದೇ ಬತ್ತಿ ಒಳಗ ಹೋಗಿ ಪಂಕ್ತಿ ಮ್ಯಾಲ ತೂಗಬೇಕು. ನಮ್ಮೂರ ಜಮೀನ್ದಾರ ದೇಶಮುಖನಂಥಾ ದೊಡ್ಡವರು ಅದರ ಬೆಳಕಿನ್ಯಾಗ ಹೋಳಿಗಿ ಉಣಬೇಕು. ಬೆಳಕು ಸಣ್ಣ ಆದ್ರ ಚಾಚಾನ ತಮ್ಮನ ಮಗ ಸ್ಟೂಲ್ ಹಿಡ್ಕೊಂಡು ಓಡಿ ಬಂದು, ನಮ್ಮ ತಲಿ ಮ್ಯಾಲೇ ಅದಕ್ಕ ಗಾಳಿ ಹೊಡೀತಿದ್ದ. ಸಾಬರ ಕೈ ನಡೀತಿತ್ತು. ನಮ್ಮದು ನಡೀತಿದ್ದಿಲ್ಲ.

ಒಂದಿನ ನಾ ಚಾಚಾಗ ಕೇಳೇಬಿಟ್ಟೆ, "ಚಾಚಾ, ಅಂಗಳದಾಗ ನನ್ನ ಕೈಲೇ ತೊಳದಿದ್ದು. ಅದು ದೇಶಮುಖಗ ಗೊತ್ತಿಲ್ಲೇನು?"

"ಗೊತ್ತದ."

"ಮತ್ತ?"

"ಕಣ್ಣಿಗೆ ಕಾಣಬಾರದು ಅಷ್ಟೇ. ಧಂದಾ ಅದ ಬೇಟಾ, ಸುಮ್ನ ವಾಶರಿಗೆ ಎಣ್ಣಿ ಹಚ್ಚು."

ಧಂದಾ! ಈ ಮಾತಿಗೆ ಎಷ್ಟು ವರ್ಷಾದ್ರೂ ನನ್ನ ಮೈ ಉರೀತದ. ಕೆಟ್ಟಂವ ಅಂದ್ರ ಒಂದು ಲೆಕ್ಕ, ಬೈದು ಸುಮ್ನ ಆಗಬಹುದು. ಚಾಚಾ ನಮ್ಮ ಸಂಗಟ ಒಂದೇ ತಾಟಿನ್ಯಾಗ ಉಂಡಂವ. ಅಂವ ಹಿಂಗಂದ.

ನಮ್ಮಣ್ಣ ಮಾತ್ರ ಇದ್ಯಾವ್ದಕ್ಕೂ ತಲಿ ಕೆಡಸ್ಕೊಂಡಂವಲ್ಲ. ಅವಗ ಅವನ ನಡಿಗಿದೇ ಹೆಮ್ಮಿ. ಮಣಕಾಲ ಜರಾ ಬಾಗಿಸಿ, ಸೊಂಟಾ ಅಲುಗದಂಗ, ತುಂಬಿದ ಕೊಡ ಹೊತ್ತ ಹೆಣ್ಣಮಗಳಗತೆ ನಡೀತಿದ್ದ. ಆ ಸೀಜನ್ನಿನ್ಯಾಗ ಅವನ ತಲಿ ಮ್ಯಾಲಿನ ಮ್ಯಾಂಟಲ್ ಒಂದೂ ಒಡದಿದ್ದಿಲ್ಲ. ಅದಕ್ಕ ವರನ ಬಲಕ್ಕ ಯಾವಾಗ್ಲೂ ಅವನೇ. "ತುಳಜ್ಯಾನ ಬತ್ತಿ" ಅಂತ ಕರೀತಿದ್ರು. ಬತ್ತಿ ಅವಂದಂತ, ಮುಟ್ಟಾಕ ಮಾತ್ರ ಅವಂದಲ್ಲ.

ಇನ್ನೊಂದು ಕಟ್ಟಳಿ ಇತ್ತು. ವರ ಹುಡುಗಿ ಮನಿ ಅಗಸಿ ದಾಟೂ ತನಕ ಬತ್ತಿ ನೆಲಕ್ಕ ಇಳಿಸಬಾರದು. ಇಳಿಸಿದ್ರ ಮದಿವಿಗೆ ಅಪಶಕುನ. ಕಾಲಾಗ ಮುಳ್ಳು ಮುರೀಲಿ, ಕುತಗಿ ಸೆಟೀಲಿ, ನಿಂತಾ ನಿಂತಿರಬೇಕು.

ಬ್ಯಾಸಿಗಿ ನಡುವ ದೇಶಮುಖರ ಮಗಳ ಮದಿವಿ ಬಂತು. ವರನ ಕಡ್ಯಾವರು ತಾಂಡೂರದವರು, ಕಲ್ಲಿನ ಖಣಿ ಇದ್ದ ಸಾಹುಕಾರರು. ಸ್ವಂತ ಮೋಟಾರ್ ತಗೊಂಡು ಬಂದಿದ್ರು, ಅದನ್ನ ನೋಡಾಕೇ ಅರ್ಧಾ ಊರು ಸೇರಿತ್ತು. ಆ ವರ್ಷ ಚಿಮಣಿ ಎಣ್ಣಿಗೆ ಕಂಟ್ರೋಲ್ ಬಿದ್ದು ಬಜಾರದಾಗ ಸಿಗ್ತಿದ್ದಿಲ್ಲ. ಅದಕ್ಕ ಚಾಚಾ, ಬತ್ತಿ ನಂದು, ಎಣ್ಣಿ ನಿಮ್ದು ಅಂತ ಮೊದಲೇ ಹೇಳಿದ್ದ. ವರನ ಕಡ್ಯಾವರು ತಾಂಡೂರದಿಂದ ಎಣ್ಣಿ ತಂದಿದ್ರು. ಎದರಾಗ ತಂದಿದ್ರು? ಮೋಟಾರಿನ ಪೆಟ್ರೋಲ್ ಡಬ್ಬ್ಯಾಗ. ತಳದಾಗ ಪೆಟ್ರೋಲ್ ಉಳದಿತ್ತು, ಅದ್ರ ಮ್ಯಾಲೇ ಸುರಕೊಂಡು ಬಂದಿದ್ರು.

ಚಾಚಾ ಡಬ್ಬಿ ಬಿರಡಿ ತಗದು ಮೂಗಿಗೆ ಹಿಡದ, ಮುಖಾ ತಿರುವಿದ. "ಇದ್ರಾಗ ಪೆಟ್ರೋಲ್ ಕೂಡೇದ. ಬತ್ತಿಗೆ ಹಾಕಬಾರದು, ಭಗ್ ಅಂತದ."

ದೇಶಮುಖರ ವಾಡೆದ ಕಾರಭಾರಿ ಸೊಂಟದ ಮ್ಯಾಲ ಕೈಯಿಟ್ಟು ನಿಂತಿದ್ದ. "ಮೋಟಾರ್ ಹೋಗ್ತದ, ನಿನ್ನ ಬತ್ತಿ ಉರ್ಯಾಂಗಿಲ್ಲೇನು? ಬೀಗರು ತಂದ ಎಣ್ಣೀಗೆ ಹೆಸರಿಡ್ತಿ? ಸುಮ್ನ ಹಾಕು ಸಾಬಾ."

ಚಾಚಾ ಮತ್ತೊಂದು ಸಲ ಅಂದ. ಮೂರನೇ ಸಲ ಅನ್ನಲಿಲ್ಲ. ಹಾಕಿದ. ಹಾಕೂವಾಗ ನಮ್ಮ ಮುಖಾ ನೋಡಲಿಲ್ಲ.

ಸಂಜಿಗೆ ಹೊತ್ತು ಮುಳುಗೂ ಹೊತ್ನ್ಯಾಗ ಮೆರವಣಿಗಿ ಎದ್ದಿತು. ವರನ ಬಲಕ್ಕ ಅಣ್ಣ, ಎಡಕ್ಕ ನಾ. ಹಿಂದ ನಮ್ಮ ಕೇರಿ ಉಳಿದವರು. ಎಂಥಾ ಶೆಕಿ! ಗಾಳಿ ಅನ್ನೂದು ಎಲೀನೂ ಅಲುಗಸ್ತಿದ್ದಿಲ್ಲ. ಬಾಜಾ ಭಜಂತ್ರಿ ಕಿವಿ ಹರೀತಿತ್ತು. ಅಗಸಿ ಕಣ್ಣಿಗೆ ಕಾಣ್ತಿತ್ತು, ಅಷ್ಟ್ರಾಗ ನಮ್ಮಣ್ಣನ ಬತ್ತಿ ದನಿ ಬದಲಾತು. ಛಂದಾಗಿ ಉರಿಯೋ ಗ್ಯಾಸ್‌ಬತ್ತಿ ಸುಂಯ್ ಅಂತ ಒಂದೇ ಸ್ವರ ಹಿಡೀತದ. ಇದು ಭಸ್ ಭಸ್ ಅನ್ನಾಕತ್ತಿತು. ಬಿಳೀ ಬೆಳಕು ಹಳದಿ ಆತು. ಆಮ್ಯಾಲ ಉರಿ ಕಾಜಿನ ಹೊರಗ ಬಂದು, ಟಾಕಿ ಮ್ಯಾಲಿಂದ ಕೆಳಗಿಳೀತು.

"ಅಣ್ಣಾ, ಇಸ್ಕ್ರೂ! ಇಸ್ಕ್ರೂ ತಿರುವು!" ಅಂತ ಒದರಿದೆ.

ಆ ಇಸ್ಕ್ರೂ ಅವನ ಬಟ್ಟಿಂದ ಒಂದು ಗೇಣೂ ದೂರ ಇದ್ದಿಲ್ಲ. ಅಂಗಳದಾಗ ಎಷ್ಟು ಸಲ ತಿರುವ್ಯಾನೋ ಅಂವ. ಗಾಳಿ ಬಿಟ್ರ ಎಣ್ಣಿ ಏರೂದು ನಿಲ್ತದ, ಬತ್ತಿ ಸಾಯ್ತದ, ಅಷ್ಟೇ. ಅಂವ ಬಲಗೈ ಹಲಗಿಂದ ಎತ್ತಿದ. ನಾ ಕಣ್ಣಾರೆ ನೋಡ್ದೆ. ಎತ್ತಿ ಟಾಕಿ ತನಕ ಒಯ್ದ. ಒಯ್ದು ಅಲ್ಲೇ ನಿಂದ್ರಿಸಿದ.

"ಇಳಿಸಬ್ಯಾಡಲೇ! ಅಗಸಿ ದಾಟಿಲ್ಲ ಇನ್ನಾ!" ಕಾರಭಾರಿ ಒದರಾಕತ್ತಿದ್ದ. "ಸಾಬಗ ಕರೀರಿ, ಸಾಬಗ!"

ಸಾಬ ಎಲ್ಲಿದ್ದ? ಮೆರವಣಿಗಿ ಬಾಲಕ್ಕ. ಸ್ಟೂಲಿನ ಹುಡುಗ ಮಂದ್ಯಾಗ ಸಿಕ್ಕಿದ್ದ. ಉರಿಯೋ ಎಣ್ಣಿ ಹಲಗಿ ಮ್ಯಾಲಿಂದ ಅಣ್ಣನ ಕಿವಿಗೆ ಇಳೀತು, ಹೆಗಲಿಗೆ ಇಳೀತು. ಅಂವ ಮಣಕಾಲ ಬಾಗಿಸಿ ನಿಂತೇ ಇದ್ದ. ಮ್ಯಾಂಟಲ್ ಒಡೀಬಾರದಂತ ನಿಲ್ಲೂ ಗತೇನೇ ನಿಂತಿದ್ದ.

ನಾ ನನ್ನ ಬತ್ತಿ ಹಲಗಿ ಸಮೇತ ಕೆಳಗ ಒಗದೆ. ಹೋಗಿ ಆ ಇಸ್ಕ್ರೂ ಹಿಡದು ತಿರುವಿದೆ. ಫುಸ್ ಅಂತ ಗಾಳಿ ಬಂತು, ಅದಕ್ಕೂ ಉರಿ ಹತ್ತಿ ನನ್ನ ಹುಬ್ಬು ಸುಟ್ಟಿತು. ಹಿಡಿಕಿ ಹಿಡದು ಬತ್ತಿ ಎಳದು ನೆಲಕ್ಕಿಟ್ಟೆ, ಅಣ್ಣನ ಮ್ಯಾಲ ಮಣ್ಣು ಸುರವಿದೆ. ಆಮ್ಯಾಲ ಅಂವ ಕುಂತ. ಕುಂತು, "ಮ್ಯಾಂಟಲ್ ಹೋತೇನು?" ಅಂತ ಕೇಳ್ದ.

ಈಗ ಕೇಳ್ರಿ, ಅಲ್ಲಿ ನೆರೆದ ದೊಡ್ಡ ಮಂದಿ ಮೊದಲು ಏನು ಮಾಡಿದ್ರಂತ. ನಮ್ಮಣ್ಣಗ ನೀರು ತಂದ್ರಾ? ನೀರು ತಂದ್ರು ಖರೇ. ಬಾವಿಂದ ಹೊಸಾ ನೀರು ಸೇದಿ, ತುಳಸಿ ಹಾಕಿ ತಂದ್ರು. ತಂದು ಬತ್ತಿ ಮ್ಯಾಲ ಸುರವಿದ್ರು. ನಾ ಮುಟ್ಟೀನಲ್ಲ, ಅದಕ್ಕ. ಕಾದ ಕಾಜು ಫಟ್ ಅಂತ ಒಡದು ಚೂರಾತು. ಒಡದ ಮ್ಯಾಲ ಕಾರಭಾರಿ ನನಗ, "ನೋಡು, ನಿನ್ನ ಕೈ ತಾಗಿದ್ಕ ಒಡೀತು," ಅಂದ. ಸುಟ್ಟ ಮನಷ್ಯಾ ಅಲ್ಲೇ ಬಾಜೂಕ ಕೂತು ನೀರು ನೀರು ಅಂತಿದ್ದ. ಒಂದು ಚರಗಿ ಇತ್ತ ಬರಲಿಲ್ಲ. ಮೆರವಣಿಗಿ ನಮ್ಮನ್ನ ಸುತ್ತಹಾಕಿ ಮುಂದ ಹೋತು, ಬಾಜಾ ಮತ್ತ ಶುರು ಆತು.

ಅಣ್ಣನ್ನ ಬಂಡ್ಯಾಗ ಹಾಕ್ಕೊಂಡು ಜಹೀರಾಬಾದ ದವಾಖಾನಿಗೆ ಒಯ್ದೆವು. ದಾರಿಗುಂಟ ನಮ್ಮವ್ವ ಅತ್ಕೋತ ನನಗೇ ಬೈದ್ಳು. "ಬತ್ತಿ ನೆಲಕ್ಕಿಟ್ಟಿ, ಲಗ್ನಾ ಕೆಡಿಸಿದಿ. ಇನ್ನ ನಮಗ ಈ ಸುತ್ತಿನ್ಯಾಗ ಯಾರು ಕೆಲಸ ಕೊಡ್ತಾರ?" ಮಗ ಸುಟ್ಟು ಮಲಗ್ಯಾನ, ಆಕಿಗೆ ಅವರ ಲಗ್ನದ ಚಿಂತಿ. ಆಕಿ ಮ್ಯಾಲೂ ನನಗ ಸಿಟ್ಟಿತ್ತು. ಈಗಿಲ್ಲ. ಆಕಿ ತಲ್ಯಾಗ ಇದನ್ನ ತುರುಕಿದವರ ಮ್ಯಾಲ ಅದ.

ಅಣ್ಣ ಉಳದ. ಬಲಗಿವಿ ಕರಗಿ ಸಣ್ಣ ಗಂಟಾಗಿ ಉಳೀತು, ಬಲಗೈ ಬಟ್ಟು ಮುದುಡಿ ಒಂದಕ್ಕೊಂದು ಅಂಟಿದವು. ದವಾಖಾನ್ಯಾಗ ಅವಗ ಮಾತಾಡಾಕ ಬಂದಮ್ಯಾಲ ನಾ ಕೇಳಿದ ಮೊದಲನೇ ಮಾತು, "ಯಾಕ ತಿರುವಲಿಲ್ಲ?"

"ನೆನಪಿತ್ತು," ಅಂದ. "ಕೈನೂ ಒಯ್ದಿದ್ದೆ. ಮುಟ್ಟಬಾರದಲ್ಲ ಅಂತ ಆತು."

"ಸಾಯ್ತಿದ್ದೆಲ್ಲೋ!"

"ಹೌದು. ಆದ್ರ ಕೈ ಹೋಗಲಿಲ್ಲ ನೋಡು."

ಆವಾಗ ನನಗ ಅಕ್ಷರಾ ಬರ್ತಿದ್ದಿಲ್ಲ. ಸಾಲಿ ಇತ್ತು, ಅದು ಉರ್ದೂದು, ಅದ್ರಾಗ ನಮಗ ಹೊರಗ ಕಟ್ಟೀಗೂ ಜಾಗಿಲ್ಲ. ನಾ ಓದಾಕ ಕಲಿತದ್ದು ಮಕ್ಕಳು ಹುಟ್ಟಿದ ಮ್ಯಾಲ, ಅವರ ಪಾಟಿ ಮ್ಯಾಲೇ. ಅವತ್ತು ಬರತಿದ್ರ ಆ ದವಾಖಾನಿ ಗೋಡಿ ಮ್ಯಾಲೇ ಕರೀ ಇದ್ಲಿಲೆ ಬರೀತಿದ್ದೆ. ಬೆಂಕಿ ಅವನ ಕೈ ಆಮ್ಯಾಲ ಸುಟ್ಟಿತ್ರೀ, ಅದಕ್ಕಿಂತ ಮೊದಲೇ ಅದನ್ನ ಕೊಂದಿದ್ರು.

ಅಣ್ಣನ್ನ ಮನಿಗೆ ಕರಕೊಂಡು ಬಂದ ವಾರದಾಗೇ ಖರೀಂ ಚಾಚಾ ಕೇರಿಗೆ ಬಂದ. ಕೈಯಾಗ ಬಾಳಿಹಣ್ಣಿನ ಗೊನಿ. ಅಣ್ಣನ ಹಾಸಿಗಿ ಬಾಜೂಕ ಕೂತು ಅತ್ತ ಖರೇ. ಕಣ್ಣೀರು ಒರಸ್ಕೊಂಡಮ್ಯಾಲ ಬಂದ ಕೆಲಸ ಹೇಳ್ದ. ದೇಶಮುಖರ ಅಣ್ಣನ ಮಗಳ ಮದಿವಿ, ಮಿರಗಕ್ಕ ಮೊದಲಿನ ಕಡೀ ಮುಹೂರ್ತ. ಮಂದಿ ಬೇಕಾಗ್ಯಾರ.

ನಾ ಬಾಯಿ ತಗೀಬೇಕಂದೆ, ನಮ್ಮತ್ತಿಗಿ ರತ್ನವ್ವ ಒಲಿ ಮುಂದಿಂದ ಎದ್ದು ಬಂದ್ಳು. ಆಕಿ ಗಂಡಸರ ನಡುವ ಮಾತಾಡಿದ್ದು ಅದೇ ಮೊದಲು.

"ಚಾಚಾ, ನಿಮ್ಮ ಬತ್ತಿ ಮ್ಯಾಲ ಒಂದು ಕಮಾನಧಂಗ ತಂತಿ ಅದಲ್ಲ, ಅದ್ಯಾಕ್ರಿ?"

"ಅದಾ? ಹಿಡಿಕಿ ಬೇಟಿ."

"ಹಿಡಿಕಿ ಯಾಕ ಇರ್ತದ?"

"ಯಾಕಂದ್ರ? ಕೈಯಾಗ ಹಿಡ್ಯಾಕ."

"ಹೌದಲ್ಲ. ಮಾಡಿದಂವ ಕೈಯಾಗ ಹಿಡೀರಂತ ಮಾಡ್ಯಾನ. ಮತ್ತ ನನ್ನ ಗಂಡನ ತಲಿ ಮ್ಯಾಲ ಯಾಕಿಟ್ರಿ?"

ಚಾಚಾ ಬಾಯಾಗಿನ ಎಲಿ ಒಂದು ದವಡಿಗೆ ಸರಿಸಿದ. "ಅವರು ಒಪ್ಪಾಂಗಿಲ್ಲ ಬೇಟಿ..."

"ಒಪ್ಪಲಿಲ್ಲಾಂದ್ರ ನೀವೇ ಹೊರ್ರಿ. ನಿಮ್ಮ ತಲೀನೂ ದುಂಡಗೇ ಅದ."

ಬಾಗಲಾಗ ಕೂಡಿದ್ದ ಕೇರಿಗೆ ಕೇರಿನೇ ನಕ್ಕಿತು. ಹಾಸಿಗ್ಯಾಗ ಅಣ್ಣನೂ ನಕ್ಕ, ನಕ್ಕು ಕುತಗಿ ಚರ್ಮಾ ಎಳದು ಅಯ್ಯೋ ಅಂದ. ಆವತ್ತೇ ಮಾತಾತು. ಹಿಡಿಕಿ ಕೈಯಾಗ ಕೊಟ್ರ ಬರ್ತೀವಿ. ಹಚ್ಚೂದು, ಗಾಳಿ ಹೊಡ್ಯೂದು, ಆರಿಸೂದು ನಮ್ಮ ಕೈಲೇ. ಇಲ್ಲಾಂದ್ರ ಒಬ್ಬನೂ ಬರಾಂಗಿಲ್ಲ. ನಮ್ಮವ್ವ ಬಾಳಿಹಣ್ಣು ಚಾಚಾಗ ತಿರುಗಿ ಕೊಟ್ಳು.

ವಾಡೆದವರು ಒಪ್ಪಲಿಲ್ಲ. "ಹೊಲೇರ ಕೈ ಬತ್ತಿ ನಮಗೇನು ಬ್ಯಾಡ, ನಮ್ಮಜ್ಜ ದೀವಟಗಿ ಬೆಳಕಿನ್ಯಾಗ ಮದಿವಿ ಆಗಿಲ್ಲೇನು," ಅಂದ್ರಂತ. ತಮ್ಮ ಆಳುಗಳ ಕೈಲೆ ಎಣ್ಣಿ ಅರಬಿ ದೀವಟಗಿ ಹಿಡಿಸಿದ್ರು. ನಾವು ಕೇರಿ ಕಟ್ಟಿ ಮ್ಯಾಲ ಕುಂತು ನೋಡಾಕತ್ತಿದ್ದಿವಿ. ಖರೇ ಹೇಳ್ತೀನಿ, ಹೆದರಿಕಿ ಇತ್ತು. ದೇಶಮುಖ ಮನಸ್ಸು ಮಾಡಿದ್ರ ಕೇರೀನೇ ಎಬ್ಬಸಬಹುದಿತ್ತು. ಕೇಳಾಕ ಯಾರಿದ್ರು?

ಹೊತ್ತು ಮುಳುಗೂ ಹೊತ್ತಿಗೆ ಮಿರಗದ ಮುಂಗಾಳಿ ಎದ್ದಿತು. ಪಡುವಣ ದಿಕ್ಕು ಕರ್ರಗಾಗಿ, ಕೆಂಪು ಧೂಳು ಗೋಡಿಹಂಗ ಬಂತು. ದೀವಟಗಿ ಒಂದೊಂದೇ ಆರಿದವು. ಕತ್ತಲಾಗ ಬೀಗರು ಕಾಲು ಮುಗ್ಗರಿಸ್ಯಾರ, ವರನ ಕುದರಿ ಬೆದರೇದ, ಮೆರವಣಿಗಿ ಹಾದಿ ಮ್ಯಾಲೇ ನಿಂತದ. ಜರಾ ಹೊತ್ತಿನ ಮ್ಯಾಲ ಅದೇ ಕಾರಭಾರಿ ಕೇರಿ ತುದಿಗೆ ಬಂದು, ದೂರ ನಿಂತೇ ಒದರಿದ. "ಏ, ಬರ್ರಿ. ಹೆಂಗ ಹಿಡೀತೀರೋ ಹಂಗ ಹಿಡೀರಿ."

ಚಾಚಾ ಬತ್ತಿ ಬಂಡ್ಯಾಗ ತಯಾರ್ ಇಟ್ಕೊಂಡೇ ಕುಂತಿದ್ದ. ಗಾಳಿಗೆ ಕಾಜಿನ ಬತ್ತಿ ಹೆದರಾಂಗಿಲ್ಲ. ನಾವೇ ಸ್ಪಿರಿಟ್ ಹಾಕಿ ಕಾಸಿದಿವಿ, ನಾವೇ ಪಂಪ್ ಹೊಡದಿವಿ. ಅಣ್ಣಗ ಬ್ಯಾಡ ಅಂದೆ, ಕೇಳಲಿಲ್ಲ. ಕುತಗಿಗೆ ಪಟ್ಟಿ ಕಟ್ಕೊಂಡು, ಎಡಗೈಲೆ ಹಿಡಿಕಿ ಹಿಡದು ಎಲ್ಲಾರಕಿಂತ ಮುಂದ ನಿಂತ. ತಲಿ ಮ್ಯಾಲ ಏನೂ ಇಲ್ಲದ ನಮ್ಮಣ್ಣ ಇಷ್ಟು ಎತ್ತರ ಅದಾನಂತ ನನಗ ಗೊತ್ತೇ ಇದ್ದಿಲ್ಲ.

ವರ ಅಗಸಿ ದಾಟಿದ. ಬತ್ತಿ ಒಳಗ ಬ್ಯಾಡ ಅಂದ್ರು. ನಮ್ಮ ಕೈ ತಾಗೇದ, ಪಂಕ್ತಿಗೆ ನಡ್ಯಾಂಗಿಲ್ಲ. ಒಳಗ ಹಣತಿ ಹಚ್ಕೊಂಡ್ರು. ಗಾಳಿಗೆ ಅವೂ ಹತ್ತಿ ಹತ್ತಿ ಆರ್ತಿದ್ದವು. ಆ ಮಬ್ಬಿನ್ಯಾಗ ಎಲಿ ಯಾವ್ದು, ನೆಲ ಯಾವ್ದು ಕಾಣದಂಗ ಕುಂತು ಉಂಡ್ರು. ಬೆಳಕು ಬಾಗಲಾ ಹೊರಗ ಉರ್ಯಾಕತ್ತದ, ಒಳಗ ತಡವರಿಸಿ ಉಣತಾರ. ಇಂಥಾ ಮಂದಿಗೆ ಏನಂತೀರಿ?

ನಮಗ ಯಾವಾಗಿನಗತೆ ವಾಡೆ ಹಿಂದ, ದನದ ಕೊಟ್ಟಿಗಿ ಬಾಜೂಕ ಎಲಿ ಹಾಕಿದ್ರು. ಅದ್ರಾಗ ಏನೂ ಬದಲಾಗಲಿಲ್ಲ, ಯಾರೂ ತಪ್ಪು ತಿಳ್ಕೋಬ್ಯಾಡ್ರಿ. ಬರೇ ಇಷ್ಟೇ, ಬತ್ತಿ ಎಲ್ಲಾ ನಮ್ಮ ಹಂತ್ಯಾಕ ಇದ್ದವು. ಸಾಲಾಗಿ ಮುಂದಿಟ್ಕೊಂಡು ಹಾಡ ಹಗಲಿನಂಥಾ ಬೆಳಕಿನ್ಯಾಗ ಉಂಡಿವಿ. ಅನ್ನದಾಗಿನ ಹರಳು ಸೈತ ಕಾಣ್ತಿತ್ತು. ಉಂಡಮ್ಯಾಲ ಅಣ್ಣ ಎಡಗೈಲೆ ತಡವರಿಸಿ, ತನ್ನ ಬತ್ತಿ ಇಸ್ಕ್ರೂ ತಿರುವಿದ. ಫುಸ್ ಅಂತು. ಬೆಳಕು ಕೆಂಪಾಗಿ, ಮೆಲ್ಲಕ ಆರಿತು. ಅಂವ ಮತ್ತ ಅದನ್ನ ಬಿಗಿ ಮಾಡ್ದ, ಮತ್ತ ಸಡ್ಲ ಮಾಡ್ದ. ಕೇರಿ ಹೆಣ್ಣಮಕ್ಕಳ ಸಂಗಟ ಉಣಾಕ ಬಂದಿದ್ದ ಅತ್ತಿಗಿ ಕೈ ಹಿಡದು ಎಬ್ಬಸೂ ತನಕ ಹಂಗೇ ತಿರುವ್ಕೋತ ಕುಂತಿದ್ದ.

ಅಣ್ಣ ತೀರ್ಕೊಂಡು ಬಾಳ ವರ್ಷಾತು. ಆ ಮುದುಡಿದ ಕೈಯನ್ನ ಮಣ್ಣಿಗೆ ಇಡೂವಾಗ ನಾನೇ ಬಿಡಿಸಿ ಇಡಾಕ ನೋಡ್ದೆ, ಬಟ್ಟು ಬಿಚ್ಚಲಿಲ್ಲ.

ಜಹೀರಾಬಾದದ ಆ ಪಡಸಾಲ್ಯಾಗ ನನ್ನ ಕೈ ನಿಂತಿತ್ತು ಅಂತ ಹೇಳಿದ್ನಲ್ಲ. ಎಷ್ಟು ಹೊತ್ತು ನಿಂತಿತ್ತೋ. ಸಾಹೇಬ್ರು, "ನಡೀರಿ, ಊಟಕ್ಕ ಎಲಿ ಹಾಕ್ಯಾರ," ಅಂತ ಒಳಗ ಕೈ ಮಾಡಿದ್ರು. ಅವರು ತಿರಗೂ ತನಕ ನಾ ಕಾಯಲಿಲ್ಲ. ಎದುರಿಗೇ, ಎರಡೂ ಕೈಲೆ, ಟಾಕಿ ತಬ್ಬಿ ಹಿಡದೆ. ಇಸ್ಕ್ರೂ ಇತ್ತು. ತಿರುವಿದೆ. ಸಲೀಸಾಗಿ ತಿರಗಿತು. ಒಳಗ ಗಾಳಿ ಇಲ್ಲದ್ದು, ಸಪ್ಪಳಾಗಲಿಲ್ಲ.

"ಅಯ್ಯ, ಹೇಳಿದ್ನಲ್ರಿ!" ಅಂದ್ರು. ಸ್ವಲ್ಪ ಬ್ಯಾಸರಾತು ಅವರಿಗೆ. ಕಾರಣಾ ಕೇಳಿದ್ರ ಹೇಳ್ತಿದ್ದೆ. ಕೇಳಲಿಲ್ಲ.

ಊಟಾ ಮಾಡದೇ ಬಂದೆ. ಹಿತ್ತಾಳಿ ಮ್ಯಾಲ ನನ್ನ ಹತ್ತೂ ಬಟ್ಟು ಮೂಡ್ಯಾವ. ಒರಸ್ಕೋಲಿ.